ಹೊಕ್ಕುಳಬಳ್ಳಿಯ ದೀವಿಹಲಸು

ಅತಿಥಿಗೃಹದಲ್ಲಿ ಇಳಿದುಕೊಂಡವರನ್ನು ಇಯಾಂತಿ ಮೊಡೆಸ್ಟ್ ಏನು ತಿನ್ನುತ್ತೀರಿ ಎಂದು ಒಮ್ಮೆಯೂ ಕೇಳಿದವಳಲ್ಲ. ಬೆಳಗ್ಗೆ ದಂಡೆಗೆ ಹೋಗಿ ರಂಪಣಿ ಬಲೆ ಎಳೆಯುವವರ ಪಕ್ಕದಲ್ಲಿ ನಿಲ್ಲುತ್ತಾಳೆ. ಬಲೆಯಲ್ಲಿ ಬಂಗುಡೆಯಂಥ ಸಣ್ಣ ಮೀನು ಬಂದರೆ ಅವತ್ತು ಅದು; ದೊಡ್ಡ ಮೀನು ಬಂದರೆ ಅದರ ಒಂದು ತುಂಡು; ಏನೂ ಬಾರದಿದ್ದರೆ ನೆನೆಹಾಕಿದ ಉಪ್ಪುಮೀನು. ದಾರಿಯಲ್ಲಿ ಯಾರ ಹಿತ್ತಲಲ್ಲಿ ಬೆಣ್ಣೆಹಣ್ಣು ಮಾಗಿದೆ, ಯಾರ ಕೆಸುವಿನ ಎಲೆ ಎಳೆಯದಾಗಿದೆ ಎಂದು ನೋಡಿಕೊಂಡು, ಬೇಲಿಯಾಚೆಯಿಂದಲೇ ಕೂಗಿ ಕೇಳಿ ತರುತ್ತಾಳೆ. ಬೇಯಿಸಿದ್ದನ್ನು ತಟ್ಟೆಗೆ ಹಾಕಿ ಮುಂದಿಟ್ಟು, ತಿನ್ನುವವರ ಮುಖವನ್ನು ಒಮ್ಮೆ ನೋಡಿ ಒಲೆಯ ಕಡೆಗೆ ತಿರುಗಿಬಿಡುತ್ತಾಳೆ. ಆ ಒಂದು ನೋಟದಲ್ಲಿ ಅವಳಿಗೆ ಬೇಕಾದ ಸಮಾಚಾರವೆಲ್ಲ ಸಿಗುತ್ತದೆ.

ಒಂದು ಸಲ ಕೆನಡಾದಿಂದ ಬಂದಿದ್ದ ಹೆಂಗಸೊಬ್ಬಳು, ಬಂದ ಸಂಜೆಯೇ, ನಾಳೆಯ ಊಟದ ಪಟ್ಟಿ ಇದೆಯೇ ಎಂದು ವಿಚಾರಿಸಿದಳು.

"ಇದೆಯಮ್ಮ," ಎಂದಳು ಇಯಾಂತಿ. "ಸಮುದ್ರದೊಳಗಿದೆ. ಇನ್ನೂ ಹಿಡಿದಿಲ್ಲ."

ಆ ಹೆಂಗಸು ನಕ್ಕಳು. ಇಯಾಂತಿ ನಗಲಿಲ್ಲ. ಅವಳು ತಮಾಷೆ ಮಾಡಿರಲಿಲ್ಲ.

ನಾನು ಗ್ರೆನಡಾ ದ್ವೀಪಕ್ಕೆ ಬಂದು, ಪಡುವಣ ದಂಡೆಯ ಈ ಊರಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸತೊಡಗಿದ ದಿನಗಳಿಂದಲೂ ಇಯಾಂತಿಯ ಕೈ ಅಡುಗೆ ತಿಂದಿದ್ದೇನೆ. ಅತಿಥಿಗೃಹ ಅವಳದಲ್ಲ, ಅವಳ ಅಕ್ಕನ ಮಗ ರಾಲ್‌ನದು. ಮೊಡೆಸ್ಟ್ ಕುಟುಂಬದ ಹಳೆಯ ಜಾಗದಲ್ಲಿ ಅವನು ಕಟ್ಟಿಸಿದ್ದು. ಒಳಗೆ ಗ್ಯಾಸಿನ ಒಲೆ ಇರುವ ಅಡುಗೆಮನೆಯಿದೆ. ಇಯಾಂತಿ ಅದರಲ್ಲಿ ಕೋಕೋ ಚಹಾ ಕಾಯಿಸುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಅವಳ ಅಡುಗೆಯೆಲ್ಲ ಅಂಗಳದಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ, ದೀವಿಹಲಸಿನ ಮರದ ಕೆಳಗೆ.

ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವುದು ಇದನ್ನೇ. ಆದರೆ ಅಲ್ಲಿ ಪಲ್ಯಕ್ಕೋ ಪೋಡಿಗೋ ಸೀಮಿತವಾದ ಈ ಕಾಯಿ ಇಲ್ಲಿ ಅನ್ನದ ಜಾಗದಲ್ಲಿದೆ. ಬಲಿತ ಕಾಯಿಯ ಸಿಪ್ಪೆಯ ಮೇಲೆ ಹಾಲು ಸೋರಿ ಒಣಗಿದ ಬಿಳಿ ಕಲೆಗಳಿರುತ್ತವೆ. ಕೊಕ್ಕೆಯ ಕೋಲಿನಿಂದ ಕಿತ್ತಾಗ ಅದು ನೆಲಕ್ಕೆ ಬೀಳಬಾರದು. ಕೆಳಗೆ ಒಬ್ಬರು ಗೋಣಿ ಹಿಡಿದು ನಿಂತಿರಬೇಕು. ಇಡೀ ಕಾಯನ್ನು ಕೆಂಡದ ಮೇಲಿಟ್ಟು ತಿರುಗಿಸುತ್ತ ಹೋದರೆ ಸಿಪ್ಪೆ ಕರಿಕಾಗುತ್ತದೆ, ತೊಟ್ಟಿನ ತೂತಿನಿಂದ ಹಬೆ ಸಿಳ್ಳೆ ಹಾಕುತ್ತದೆ. ಆಗ ತೆಗೆದು, ಸುಟ್ಟ ಸಿಪ್ಪೆಯನ್ನು ಮಚ್ಚಿನಿಂದ ಹೆರೆದು, ಸೀಳಿದರೆ ಒಳಗೆ ತೆಳು ಹಳದಿ. ಅದಕ್ಕೆ ಬೆಣ್ಣೆ, ಪಕ್ಕದಲ್ಲಿ ಈರುಳ್ಳಿ ಮೆಣಸಿನ ಜೊತೆ ಬಿಡಿಸಿದ ಉಪ್ಪುಮೀನು, ಒಂದು ಹೋಳು ಬೆಣ್ಣೆಹಣ್ಣು. ಇದನ್ನು ಮೊದಲ ಸಲ ತಿಂದವರು ತಟ್ಟೆಯನ್ನು ಬೆರಳಿನಿಂದ ಒರೆಸಿ ಮುಗಿಸುತ್ತಾರೆ. ಆಮೇಲೆ ಎಲ್ಲರೂ ತಲೆಯೆತ್ತಿ ಮರವನ್ನು ನೋಡುತ್ತಾರೆ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಈ ಮರ ನಿಮ್ಮದೇ?"

ತೊಂದರೆ ಇದ್ದದ್ದು ಆ ಪ್ರಶ್ನೆಯಲ್ಲೇ.

ಇಲ್ಲಿ ಮಗು ಹುಟ್ಟಿ ಹೊಕ್ಕುಳಬಳ್ಳಿ ಒಣಗಿ ಬಿದ್ದ ಮೇಲೆ ತಾಯಿ ಅದನ್ನು ಎಸೆಯುತ್ತಿರಲಿಲ್ಲ. ಹಿತ್ತಲಿನಲ್ಲಿ ಹೂತು, ಅದರ ಮೇಲೆ ಒಂದು ಸಸಿ ನೆಡುತ್ತಿದ್ದಳು. ತೆಂಗಾದರೆ ತೆಂಗು, ಜಾಯಿಕಾಯಿಯಾದರೆ ಜಾಯಿಕಾಯಿ. ಆ ಮರ ಆ ಮಗುವಿನದು. ಜಾಗ ಕೈಬದಲಾಗಬಹುದು, ಮನೆ ಬೀಳಬಹುದು. ಮರ ಮಾತ್ರ ಆ ಮನುಷ್ಯ ಬದುಕಿರುವ ತನಕ ಅವನದೇ. ಈಗಿನ ತಾಯಂದಿರು ಆಸ್ಪತ್ರೆಯಲ್ಲಿ ಹೆರುವುದರಿಂದ ಈ ಪದ್ಧತಿ ಬಹುಮಟ್ಟಿಗೆ ನಿಂತಿದೆ. ಆದರೆ ಎಪ್ಪತ್ತರ ಆಚೀಚಿನವರಿಗೆಲ್ಲ ಒಂದೊಂದು ಮರವಿದೆ. ಅದನ್ನು ಕಡಿದರೆ ಮನುಷ್ಯ ಸೊರಗುತ್ತಾನೆ ಎಂಬ ನಂಬಿಕೆಯೂ ಇದೆ. ಜ್ಯಾನೆಟ್ ಚಂಡಮಾರುತ ಬಂದ ವರ್ಷ ಅರ್ಧ ಊರಿನ ಮರಗಳು ಮಲಗಿದವು, ಅರ್ಧ ಊರೇನೂ ಸೊರಗಲಿಲ್ಲ. ಹಾಗೆಂದರೆ, "ಗಾಳಿ ಬೀಳಿಸೋದು ಬೇರೆ ಟೀಚರ್, ಕೈಯಾರೆ ಕಡಿಸೋದು ಬೇರೆ" ಎನ್ನುತ್ತಾರೆ.

ಇಯಾಂತಿ ಮತ್ತು ಆಲ್ಬನ್ ಟೆಲೆಸ್‌ಫರ್ಡ್ ಒಂದೇ ವಾರದಲ್ಲಿ ಹುಟ್ಟಿದವರು. ಇಬ್ಬರನ್ನೂ ಹಿಡಿದವಳು ಒಬ್ಬಳೇ ಸೂಲಗಿತ್ತಿ. ಇಳಿಜಾರಿನ ಮೇಲ್ಗಡೆ ಮೊಡೆಸ್ಟರ ಮನೆ, ಕೆಳಗಡೆ ಸಮುದ್ರದ ಹತ್ತಿರ ಟೆಲೆಸ್‌ಫರ್ಡರ ಮನೆ, ನಡುವೆ ಕಾಲುದಾರಿ. ಇಬ್ಬರು ತಾಯಂದಿರೂ ತಂತಮ್ಮ ಹಿತ್ತಲಲ್ಲಿ ದೀವಿಹಲಸನ್ನೇ ನೆಟ್ಟರು. ಮಕ್ಕಳಿಗೆ ಆರು ವರ್ಷವಾದಾಗ ಜ್ಯಾನೆಟ್ ಬಂದು ಎರಡು ಮರಗಳನ್ನೂ ಬುಡಸಹಿತ ಮಲಗಿಸಿತು. ಕೆಲವು ಕಾಲದ ಮೇಲೆ ಎರಡು ಹಿತ್ತಲಿನ ಸರಿಸುಮಾರು ನಡುವೆ, ಕಾಲುದಾರಿಯ ಪಕ್ಕ ಮೊಡೆಸ್ಟರ ಬದಿಗೆ, ಒಂದು ಚಿಗುರು ತಲೆಯೆತ್ತಿತು. ಇಲ್ಲಿನ ದೀವಿಹಲಸಿಗೆ ಬೀಜವಿಲ್ಲ. ಅದು ಬೇರಿನಿಂದಲೇ ಚಿಗುರಿ ಬರಬೇಕು. ಅಂದರೆ ಬಿದ್ದ ಎರಡು ಮರಗಳಲ್ಲಿ ಒಂದರ ಬೇರು ಅದು. ಯಾವುದರದು? ಮೊಡೆಸ್ಟರು ನಮ್ಮದೆಂದರು, ಟೆಲೆಸ್‌ಫರ್ಡರು ನಮ್ಮದೆಂದರು. ಚಿಗುರು ಮರವಾಯಿತು. ಜಗಳವೂ ಅದರ ಜೊತೆಗೇ ಬೆಳೆಯಿತು.

ಇಯಾಂತಿ ಹುಡುಗಿಯಾಗಿದ್ದಾಗ ಜಾಯಿಕಾಯಿ ಒಡೆಯುವ ಕೊಟ್ಟಿಗೆಯಲ್ಲಿ ಕೆಲಸ ಮಾಡಿದಳು. ಆಮೇಲೆ ಟ್ರಿನಿಡಾಡಿಗೆ ಹೋಗಿ ಬೇರೆಯವರ ಅಡುಗೆಮನೆಗಳಲ್ಲಿ ಬಹಳ ವರ್ಷ ದುಡಿದಳು. ಅಲ್ಲಿ ಮಲಗುವ ಮಂಚ, ಉಡುವ ಏಪ್ರನ್, ತಿನ್ನುವ ತಟ್ಟೆ ಎಲ್ಲವೂ ಮನೆಯ ಯಜಮಾನಿಯವು. "ಅಲ್ಲಿದ್ದಾಗ ನಾನು ಯಾರಿಗೂ ಹೆಚ್ಚು ಮಾತು ಕೊಡ್ತಿರಲಿಲ್ಲ," ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. "ಯಾರಾದ್ರೂ ಜಾಸ್ತಿ ಹಾರಾಡಿದ್ರೆ ಮನಸ್ಸಲ್ಲೇ ಅಂದ್ಕೋತಿದ್ದೆ: ನಂಗೊಂದು ಮರ ಇದೆ, ನಿಂಗೇನಿದೆ?" ತಾಯಿಗೆ ಕಣ್ಣು ಹೋದಾಗ ಊರಿಗೆ ಮರಳಿದಳು. ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ ಪುರಸೊತ್ತಾಗಲಿಲ್ಲ ಎನ್ನುತ್ತಾಳೆ.

ಅವಳು ಟ್ರಿನಿಡಾಡಿನಲ್ಲಿದ್ದಷ್ಟು ಕಾಲ ಮರದ ಮೊದಲ ಕಾಯನ್ನು ಆಲ್ಬನ್ ತಿಂದಿದ್ದ. ಈ ಊರಲ್ಲಿ ಹಂಗಾಮಿನ ಮೊದಲ ಕಾಯಿ ಮರ ಯಾರದೋ ಅವರಿಗೆ. ಉಳಿದದ್ದು ಯಾರು ಕೇಳಿದರೂ ಅವರಿಗೆ. ಅವಳು ಮರಳಿ ಬಂದ ವರ್ಷ, ಮರದಡಿಯಲ್ಲಿ ಒಲೆ ಹೂಡಿ, ಮೊದಲ ಕಾಯನ್ನು ತಾನೇ ಕಿತ್ತು ಸುಟ್ಟಳು. ಆಲ್ಬನ್ ಕೊಕ್ಕೆಕೋಲು ಹಿಡಿದು ಬರುವ ಹೊತ್ತಿಗೆ ಸಿಪ್ಪೆ ಮಾತ್ರ ಉಳಿದಿತ್ತು. ಅಲ್ಲಿಂದ ಪ್ರತಿ ವರ್ಷ ಇದೇ ಆಟ. ಆಲ್ಬನ್ ದೋಣಿ ಮಾರಿ ಮನೆಯಲ್ಲಿ ಕುಳಿತ ಮೇಲೆ ಅವನಿಗೆ ಬೇರೆ ಕೆಲಸವೂ ಇರಲಿಲ್ಲ.

"ಏನೇ ಇಯಾಂತಿ, ನನ್ನ ಮರದ ಕೆಳಗೆ ಬೂದಿ ಗುಡ್ಡೆ ಹಾಕಿದೀಯ?" ಎಂದು ಕಾಲುದಾರಿಯಿಂದಲೇ ಕೂಗುತ್ತಿದ್ದ.

"ನಿನ್ನ ಮರ ಜ್ಯಾನೆಟ್ ಹಿಂದೆ ಹೋಯ್ತಲ್ಲೋ. ಹೋಗು, ಸಮುದ್ರದಲ್ಲಿ ಹುಡುಕು."

"ನಮ್ಮಮ್ಮ ಸಾಯೋವಾಗ ಹೇಳಿದಾಳೆ, ಅದು ನನ್ನದು ಅಂತ."

"ನಿಮ್ಮಮ್ಮ ಸಾಯೋವಾಗ ನಿನ್ನನ್ನ ಒಳ್ಳೆ ಹುಡುಗ ಅಂತಲೂ ಹೇಳಿದ್ಲು. ಪಾಪ, ಜ್ವರ ಇತ್ತು."

ಆಮೇಲೆ ಅವನು ಅಂಗಳಕ್ಕೆ ಬಂದು, ಅವಳು ಕೊಟ್ಟ ಮೀನು, ಬಾಳೆಕಾಯಿ ತಿಂದು, ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಿದ್ದ.

ಇದು ಹೀಗೇ ಸಾಗಬಹುದಿತ್ತು. ಆದರೆ ರಾಲ್‌ಗೆ ಸಮುದ್ರದ ಕಡೆಗೆ ಮುಖ ಮಾಡಿದ ಹೊಸ ಕೋಣೆಗಳು ಬೇಕಾದವು. ಕಟ್ಟಡದವನು ಬಂದು ಅಳೆದು, ಮರ ಹೋಗಬೇಕು ಎಂದ. ರಾಲ್ ಕೆಟ್ಟವನಲ್ಲ. ಬಾಲ್ಯದಲ್ಲಿ ಆ ಮರದ ಕಾಯಿ ತಿಂದೇ ದೊಡ್ಡವನಾದ. ಆದರೂ ಮರ ಅವನ ಕಣ್ಣಿಗೆ ಜಾಗ ಹಿಡಿದು ನಿಂತ ವಸ್ತು. ಅವನು ಮರ ಕೊಯ್ಯುವ ಕ್ಲೀಟಸ್‌ನನ್ನು ಕರೆಸಿದ. ಸುತ್ತಲಿನ ಊರುಗಳಲ್ಲೆಲ್ಲ ಯಂತ್ರದ ಗರಗಸ ಇರುವುದು ಅವನೊಬ್ಬನಲ್ಲಿ. ಕ್ಲೀಟಸ್ ಮರದ ಸುತ್ತ ಒಂದು ಸುತ್ತು ಬಂದ. ಗರಗಸವನ್ನು ಕೆಳಗಿಡಲೂ ಇಲ್ಲ.

"ಇದು ಹೊಕ್ಕುಳಬಳ್ಳಿ ಮರ," ಎಂದ. "ಯಾರದು ಅಂತ ಹೇಳು. ಅವರ ಬಾಯಿಂದ ಹ್ಞೂ ಅನ್ನಿಸು. ಆಮೇಲೆ ಕೊಯ್ತೀನಿ."

"ಜಾಗ ನನ್ನದಲ್ವೇನೋ?"

"ಜಾಗ ನಿನ್ನದೇ. ನಾನು ಜಾಗ ಕೊಯ್ಯೋಕೆ ಬಂದಿಲ್ಲ."

ಅಂದು ಸಂಜೆ ಇಯಾಂತಿ ಅತಿಥಿಗಳಿಗೆ ಬಡಿಸಿ, ಒಲೆಯ ಬಳಿ ಕಾಲು ಚಾಚಿ ಕುಳಿತಿದ್ದಳು. ರಾಲ್ ಬಂದು ಪಕ್ಕದಲ್ಲಿ ಕೂತ.

"ಟಾಂಟಿ," ಎಂದ. ಚಿಕ್ಕಮ್ಮನನ್ನು ಇಲ್ಲಿನವರು ಕರೆಯುವುದು ಹಾಗೆ. "ಆ ಮರದ ವಿಷಯ."

"ಅದು ನಿಂತಿರುತ್ತೆ," ಎಂದಳು.

"ನಿಂಗೆ ಒಳಗೆ ಒಳ್ಳೆ ಅಡುಗೆಮನೆ ಕಟ್ಟಿಸಿಕೊಡ್ತೀನಿ. ಫ್ಯಾನ್ ಹಾಕಿಸ್ತೀನಿ."

"ನಾನು ಬೇರೆಯವರ ಒಳಗಿನ ಅಡುಗೆಮನೆ ಸಾಕಷ್ಟು ನೋಡಿದೀನಿ. ಮರ ಹೋದ ದಿನ ನಾನೂ ಸೌಟು ಕೆಳಗಿಡ್ತೀನಿ ರಾಲ್. ಬಂದವರಿಗೆ ಡಬ್ಬಿ ಮೀನು ಒಡೆದು ಹಾಕು."

ಅವಳು ಬೆದರಿಸಲಿಲ್ಲ, ದನಿಯೆತ್ತಲಿಲ್ಲ. ಅವಳು ಹೇಳಿದರೆ ಹಾಗೇ ಮಾಡುವವಳು ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತಿಥಿಗೃಹಕ್ಕೆ ಜನ ಮತ್ತೆ ಮತ್ತೆ ಬರುವುದು ಹಾಸಿಗೆಗಾಗಿ ಅಲ್ಲ. ಆದರೆ ರಾಲ್ ಕಟ್ಟಡದವನಿಗೆ ಮಾತು ಕೊಟ್ಟಾಗಿತ್ತು. ಹಾಗಾಗಿ ಅವನು ಮರಕ್ಕೆ ಇನ್ನೊಬ್ಬ ವಾರಸುದಾರನಿದ್ದಾನೆ ಎಂಬುದನ್ನು ನೆನಪಿಸಿಕೊಂಡ. ರಮ್ ಅಂಗಡಿಗೆ ಹೋಗಿ ಆಲ್ಬನ್‌ನನ್ನು ಕಂಡ.

ಆಲ್ಬನ್ ಮಾಡಿದ ತಪ್ಪನ್ನು ಈ ಊರಿನವನಲ್ಲದವನು ಮಾಡಲಾರ. ಮರ ಕಡಿಯಲು ಒಪ್ಪಿಗೆ ಕೊಡುವ ಅಧಿಕಾರ ಮರದ ಯಜಮಾನನಿಗೆ ಮಾತ್ರ. ಎಂದ ಮೇಲೆ ಒಪ್ಪಿಗೆ ಕೊಟ್ಟವನೇ ಯಜಮಾನ. ಎಷ್ಟೋ ವರ್ಷಗಳಿಂದ ತೀರದ ವ್ಯಾಜ್ಯವನ್ನು ಒಂದು ಮಾತಿನಲ್ಲಿ ಗೆಲ್ಲುವ ಅವಕಾಶ ಕಣ್ಣಮುಂದೆ ಕುಳಿತಿತ್ತು. ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಅವನು ಮೇಜು ಕುಟ್ಟಿ ಹೇಳಿದ: "ನನ್ನ ಮರ. ನಾನು ಹ್ಞೂ ಅಂದೆ. ಕಡಿ!"

ಸುದ್ದಿ ಅವನಿಗಿಂತ ಮೊದಲು ಅಂಗಳ ತಲುಪಿತು. ಮರುದಿನ ಬೆಳಗ್ಗೆ ಅವನೇ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹಿಂದೆ ರಾಲ್, ಅವನ ಹಿಂದೆ ಕ್ಲೀಟಸ್. ಇಯಾಂತಿ ಮೀನಿನ ಹೊಟ್ಟೆ ಸೀಳುತ್ತಿದ್ದಳು.

"ಆಲ್ಬನ್ ಅಂಕಲ್ ಒಪ್ಪಿದಾರೆ ಟಾಂಟಿ," ಎಂದ ರಾಲ್, ನೆಲ ನೋಡುತ್ತ.

"ಆಲ್ಬನ್ ಚರ್ಚಿನ ಗೋಪುರ ಕೆಡವೋದಕ್ಕೂ ಒಪ್ತಾನೆ," ಎಂದಳು. "ಅದು ಅವನದಾ?"

"ಮರ ನನ್ನದು ಕಣೇ!"

"ನಿನ್ನ ಮರವನ್ನ ನೀನೇ ಕಡೀರಿ ಅಂತೀಯ? ತನ್ನ ಹೊಕ್ಕುಳಬಳ್ಳಿ ಮರವನ್ನ ಕಡಿಸಿದ ಮನುಷ್ಯನ್ನ ಈ ಊರಲ್ಲಿ ಒಬ್ಬನ್ನ ತೋರಿಸು."

"ನನಗೇನೂ ಭಯ ಇಲ್ಲ."

"ಭಯ ಯಾಕಿರುತ್ತೆ? ಅದು ನಿನ್ನದಲ್ಲ ಅಂತ ಒಳಗೊಳಗೆ ನಿಂಗೇ ಗೊತ್ತು."

ಕ್ಲೀಟಸ್ ಇಬ್ಬರನ್ನೂ ಸರದಿಯಂತೆ ನೋಡಿ ತಲೆ ಕೆರೆದುಕೊಂಡ. "ನೀವಿಬ್ಬರೂ ಹೀಗೆ ಕೂಗಾಡಿದ್ರೆ ನಾನು ಯಂತ್ರ ಮುಟ್ಟಲ್ಲ. ಮರ ಬೇರಿಂದ ಬಂದಿರೋದು ತಾನೆ? ಬೇರು ಹಿಡಿದು ಹೋಗಿ. ಮೇಲಕ್ಕೆ ಹೋದ್ರೆ ಮಿಸ್ ಇಯಾಂತಿದು. ಕೆಳಕ್ಕೆ ಹೋದ್ರೆ ಇವರದು."

ಅಷ್ಟು ಸರಳವಾದ ಯೋಚನೆ ಇಷ್ಟು ವರ್ಷಗಳಲ್ಲಿ ಯಾರಿಗೂ ಬರಲಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು. ಬಹುಶಃ ಬಂದಿತ್ತು. ಜಗಳ ತೀರಿಬಿಟ್ಟರೆ ಏನು ಮಾಡುವುದೆಂದು ಯಾರೂ ಬಾಯಿ ಬಿಟ್ಟಿರಲಿಕ್ಕಿಲ್ಲ.

ಆಲ್ಬನ್ ಹಿಂದೆಮುಂದೆ ನೋಡಿದ. "ಅಗೆದ್ರೆ ಮರಕ್ಕೆ ನೋವಾಗುತ್ತೆ," ಎಂದ.

"ಕಡಿಸೋಕೆ ಒಪ್ಪಿದವನಿಗೆ ಅಗೆಯೋದು ನೋವಾಯ್ತಾ?" ಇಯಾಂತಿ ಕೈ ತೊಳೆದು, ಏಪ್ರನ್ನಿಗೆ ಒರೆಸಿಕೊಂಡಳು. "ಅಗೆಯಿರಿ. ಶನಿವಾರ ಅಗೆಯಿರಿ. ನಾನು ಆಯಿಲ್‌ಡೌನ್ ಹಾಕ್ತೀನಿ."

ಇಲ್ಲಿ ಊರವರು ಸೇರಿ ಯಾವ ಕೆಲಸ ಮಾಡಿದರೂ ಆಯಿಲ್‌ಡೌನಿನ ಹಂಡೆ ಒಲೆಗೇರಲೇಬೇಕು. ಹಂಡೆ ತುಂಬಿಸುವುದಕ್ಕೆ ಒಂದು ಕ್ರಮವಿದೆ. ತಳದಲ್ಲಿ ದೀವಿಹಲಸಿನ ಹೋಳು, ಉಪ್ಪು ಹಾಕಿಟ್ಟ ಹಂದಿಯ ಬಾಲ, ಬಾಳೆಕಾಯಿ. ನಡುವೆ ಕೋಳಿ, ಸೊಪ್ಪುಸದೆ, ಮೆಣಸಿನಕಾಯಿ. ಅದರ ಮೇಲೆ ಅಂಗೈಯಲ್ಲಿ ಹೊಸೆದ ಹಿಟ್ಟಿನ ಉದ್ದುದ್ದ ಕಡುಬು. ಎಲ್ಲಕ್ಕಿಂತ ಮೇಲೆ ಕೆಸುವಿನ ಎಲೆಯ ಹೊದಿಕೆ. ಅರಿಶಿನ ಕಲಸಿದ ತೆಂಗಿನ ಹಾಲನ್ನು ಸುತ್ತ ಸುರಿದು ಮುಚ್ಚಳ ಹಾಕಿದರೆ ಮುಗಿಯಿತು. ಸೌಟು ಹಾಕುವ ಹಾಗಿಲ್ಲ. ಹಾಲೆಲ್ಲ ಇಂಗಿ, ತಳದಲ್ಲಿ ಎಣ್ಣೆ ಮಾತ್ರ ಉಳಿದಾಗ ಅಡುಗೆ ಆಯಿತೆಂದು ಅರ್ಥ. ಮುಚ್ಚಳ ತೆಗೆಯದೆ ಅದನ್ನು ತಿಳಿಯುವುದು ವಾಸನೆಯಿಂದ.

ಶನಿವಾರ ಮಳೆಗಾಲಕ್ಕೆ ಮುಂಚಿನ ಬಿಸಿಲು. ಮರದಲ್ಲಿ ಕಾಯಿ ಆಗಷ್ಟೇ ಕಚ್ಚುತ್ತಿದ್ದವು. ಹಂಡೆಗೆ ಬೇಕಾದ್ದನ್ನು ಗುಡ್ಡದ ಮೇಲಿನ ಬೇರೆ ಮರದಿಂದ ತಂದಿದ್ದರು. ಊರಿನ ಅರ್ಧ ಜನ ಗುದ್ದಲಿ ತಂದರು, ಉಳಿದರ್ಧ ಕುಳಿತುಕೊಳ್ಳಲು ಪೆಟ್ಟಿಗೆ ತಂದರು. ಊಟದ ಪಟ್ಟಿ ಕೇಳಿದ್ದ ಕೆನಡಾದ ಹೆಂಗಸೂ ಅವಳ ಗಂಡನೂ ಜಲಪಾತ ನೋಡಲು ಹೋಗಬೇಕಾಗಿತ್ತು. ಕಾರನ್ನು ವಾಪಸು ಕಳಿಸಿ ಅವರೂ ಮೆಟ್ಟಿಲ ಮೇಲೆ ಕುಳಿತರು. ಆ ಹೆಂಗಸು ಇಯಾಂತಿಯ ಪಕ್ಕಕ್ಕೆ ಹೋಗಿ ಕಡುಬು ಹೊಸೆಯಲು ಕಲಿತಳು. ಅವಳದು ಒಂದೂ ನೆಟ್ಟಗಿರಲಿಲ್ಲ. ಇಯಾಂತಿ ಅವನ್ನೆಲ್ಲ ಹಂಡೆಯ ಒಂದು ಬದಿಗೆ ಬೇರೆಯಾಗಿ ಜೋಡಿಸಿ, "ಇವು ನಿನ್ನ ಗಂಡನಿಗೆ" ಎಂದಳು.

ಮೊದಲು ಮೇಲ್ಗಡೆ ಅಗೆದರು. ಇಯಾಂತಿಯೇ ಅಲ್ಲಿ ಶುರುಮಾಡಿ ಎಂದಳು, ಮಣ್ಣು ಸಡಿಲ ಎಂದು. ಕ್ಲೀಟಸ್ ಮಂಡಿಯೂರಿ ಕೈಯಿಂದ ಮಣ್ಣು ಬಿಡಿಸಿದ. ಬೆರಳಿನಷ್ಟು, ಮಣಿಕಟ್ಟಿನಷ್ಟು ದಪ್ಪದ ಬೇರುಗಳು ಕಂಡವು. ಅವೆಲ್ಲ ಮರದಿಂದ ಹೊರಟು ದೂರ ಹೋಗುತ್ತ ಸಣ್ಣಗಾಗುತ್ತಿದ್ದವು. ಅಂದರೆ ಮರ ಹಾಕಿದ ಬೇರುಗಳು, ಮರವನ್ನು ಹಾಕಿದ ಬೇರಲ್ಲ. ಮೊಡೆಸ್ಟರ ಹಳೆಯ ಮರ ಇದ್ದ ಜಾಗದವರೆಗೆ ಹೋದರೂ ಬೇರೇನೂ ಸಿಗಲಿಲ್ಲ.

ಆಲ್ಬನ್ ಬೋರಲು ಹಾಕಿದ ಡಬ್ಬದ ಮೇಲೆ ಕುಳಿತು ನೋಡುತ್ತಿದ್ದ. ಗುದ್ದಲಿ ಕೆಳಗಿನ ಬದಿಗೆ ತಿರುಗಿದಾಗ ಎದ್ದು ಹತ್ತಿರ ಬಂದ.

"ಮೆಲ್ಲಗೆ ಕಣ್ರೋ. ಅದು ನನ್ನ ಕರುಳು."

"ನಿನ್ನ ಕರುಳು ಇಷ್ಟು ಗಟ್ಟಿ ಇದ್ದಿದ್ರೆ ನಾನು ಹಾಕೋ ಮೆಣಸಿನಕಾಯಿಗೆ ಯಾಕೆ ಅಳ್ತಿದ್ದೆ?" ಎಂದಳು ಇಯಾಂತಿ, ಹಂಡೆಯ ಕಡೆಯಿಂದ ತಿರುಗದೆ.

ಎಲ್ಲರೂ ನಕ್ಕರು. ಆಗ ರಾಲ್‌ನ ಗುದ್ದಲಿಗೆ ಏನೋ ತಾಗಿತು. ಕ್ಲೀಟಸ್ ಅವನನ್ನು ಪಕ್ಕಕ್ಕೆ ತಳ್ಳಿ ಮಣ್ಣು ಸರಿಸಿದ. ಮರದ ಬುಡದ ಅಡಿಯಲ್ಲಿ ಅಡ್ಡವಾಗಿ ಒಂದು ಬೇರು ಮಲಗಿತ್ತು, ತೊಡೆಯಷ್ಟು ದಪ್ಪ, ಸಿಪ್ಪೆ ಕಪ್ಪಾಗಿ ಗಂಟುಕಟ್ಟಿದ್ದು. ಮರ ಅದರ ಬೆನ್ನಿನ ಮೇಲಿಂದ ಎದ್ದು ನಿಂತಿತ್ತು. ಬೇರನ್ನು ಹಿಡಿದು ಕೆಳಕ್ಕೆ ಹೋದರು. ಅದು ಒಂದು ಬಂಡೆಯನ್ನು ಬಳಸಿ, ಕಾಲುದಾರಿ ದಾಟಿ, ಬೇಲಿಯ ಕೆಳಗೆ ನುಸುಳಿ, ಟೆಲೆಸ್‌ಫರ್ಡರ ಹಳೆಯ ಹಿತ್ತಲಿನೊಳಕ್ಕೆ ಹೋಯಿತು. ಅಲ್ಲಿ ಗಟ್ಟಿ ಬೇರು ಮುಗಿದು ಮೆತ್ತಗಿನ ಕಂದು ಪುಡಿ ಶುರುವಾಯಿತು. ಹಿಡಿಯಲ್ಲಿ ತೆಗೆದರೆ ಉದುರುವಂಥದ್ದು. ಜ್ಯಾನೆಟ್ ಬೀಳಿಸಿದ ಮರದ ಬುಡ ಇದ್ದ ಜಾಗ ಅದು. ಊರಿನ ಹಳಬರೆಲ್ಲ ಹೌದೆಂದು ತಲೆಯಾಡಿಸಿದರು.

ಕ್ಲೀಟಸ್ ಎದ್ದು ನಿಂತು ಮಂಡಿ ಕೊಡವಿಕೊಂಡ. "ಇವರದು," ಎಂದ.

ಎಲ್ಲರೂ ಇಯಾಂತಿಯನ್ನು ನೋಡಿದರು. ಅವಳು ಮುಚ್ಚಳದ ಸಂದಿಗೆ ಮೂಗು ಹಿಡಿದು, ಇನ್ನೂ ಸ್ವಲ್ಪ ಹೊತ್ತು ಬೇಕು ಎಂದಳು.

ಆಲ್ಬನ್ ಗುಂಡಿಯ ಅಂಚಿನಲ್ಲಿ ನಿಂತಿದ್ದ. ಗೆದ್ದವನ ಮುಖ ಹೇಗಿರುತ್ತದೆಂದು ನೋಡಲು ನಾನು ಹತ್ತಿರ ಹೋದೆ. ಅವನು ಬಗ್ಗಿ, ಆ ಕಂದು ಪುಡಿಯನ್ನು ಸ್ವಲ್ಪ ತೆಗೆದು ನೋಡಿ, ತೆಗೆದಲ್ಲೇ ಹಾಕಿದ. ಆಮೇಲೆ ಬೇರಿನ ಮೇಲೆ ಗುದ್ದಲಿ ತಾಗಿ ಹಾಲು ಒಸರುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಗಾಯಕ್ಕೆ ಒತ್ತಿ ಹಿಡಿಯುವ ಹಾಗೆ.

ರಾಲ್ ಸಂಕೋಚದಿಂದಲೇ ಮಾತು ತೆಗೆದ. "ಸರಿ ಅಂಕಲ್, ಹಾಗಾದ್ರೆ ತೀರ್ಮಾನ ಆಯ್ತು. ನೀವು ಹೇಗೂ ಹ್ಞೂ ಅಂದಿದೀರಿ. ಸೋಮವಾರ ಕ್ಲೀಟಸ್—"

"ಯಾವುದಕ್ಕೆ ಹ್ಞೂ ಅಂದೆ?"

"ಮರ ಕಡಿಯೋಕೆ. ರಮ್ ಅಂಗಡೀಲಿ. ಎಲ್ಲರೂ ಕೇಳಿದಾರೆ."

"ಆಗ ಅದು ನನ್ನದು ಅಂತ ಯಾರಿಗೆ ಗೊತ್ತಿತ್ತು?" ಎಂದು ಆಲ್ಬನ್ ಕಿರುಚಿದ.

ಕ್ಲೀಟಸ್‌ನ ಗಂಟಲಿನಿಂದ ಮೊದಲ ನಗೆ ಬಂತು. ಪೆಟ್ಟಿಗೆಗಳ ಮೇಲೆ ಕುಳಿತ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕೆನಡಾದವಳಿಗೆ ಯಾರೋ ಬಿಡಿಸಿ ಹೇಳಿದರು. ಅವಳು ತಡವಾಗಿ, ಎಲ್ಲರೂ ನಿಲ್ಲಿಸಿದ ಮೇಲೆ, ನಕ್ಕಳು. ಆಲ್ಬನ್ ಬೇರಿನಿಂದ ಹೆಬ್ಬೆರಳು ತೆಗೆಯಲಿಲ್ಲ.

"ನಗಿ," ಎಂದ. "ನನ್ನ ಮರ. ನನ್ನ ಮಾತು. ಯಾರೂ ಮುಟ್ಟೋ ಹಾಗಿಲ್ಲ. ಮಣ್ಣು ಮುಚ್ರೋ ಬೇಗ, ಬಿಸಿಲು ತಾಗ್ತಿದೆ."

ಕ್ಲೀಟಸ್ ಗರಗಸವನ್ನು ಗಾಡಿಯೊಳಗಿಟ್ಟು ಬಾಗಿಲು ಹಾಕಿದ. ರಾಲ್ ಇನ್ನೂ ಏನೋ ಹೇಳುತ್ತಿದ್ದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಏಕೆಂದರೆ ಆಗ ಹಂಡೆಯಿಂದ ಆ ವಾಸನೆ ಬಂತು, ಹಾಲು ಇಂಗಿ ಎಣ್ಣೆ ಬಿಟ್ಟ ವಾಸನೆ. ಇಯಾಂತಿ ಮುಚ್ಚಳ ತೆಗೆದಳು.

ಮೊದಲ ಬಟ್ಟಲನ್ನು ಅವಳೇ ಆಲ್ಬನ್‌ಗೆ ಒಯ್ದು ಕೊಟ್ಟಳು. ಅವನು ಗುಂಡಿಯ ಪಕ್ಕದಲ್ಲೇ ಕುಳಿತು ತಿಂದ. ಎಲ್ಲರೂ ಕಾದಿದ್ದರು.

"ಉಪ್ಪು ಕಡಿಮೆ," ಎಂದ.

"ಇನ್ಮೇಲೆ ನಿನ್ನ ಮರ, ನಿನ್ನ ಉಪ್ಪು," ಎಂದಳು. "ಮನೆಯಿಂದ ತಗೊಂಡು ಬಾ."

ರಾಲ್ ಒಂದು ಕೋಣೆ ಕಡಿಮೆ ಮಾಡಿ, ಉಳಿದವನ್ನು ಮೇಲ್ಗಡೆಗೆ ಸರಿಸಿ ಕಟ್ಟಿಸಿದ. ಅಲ್ಲಿಂದ ಸಮುದ್ರ ಅರ್ಧ ಮಾತ್ರ ಕಾಣುತ್ತದೆ. ಅವನು ಇನ್ನೂ ಗೊಣಗುತ್ತಾನೆ. ಮಳೆ ಹಿಡಿದ ಮೇಲೆ, ಗುದ್ದಲಿ ತಾಗಿ ಬೇರಿಗೆ ಗಾಯವಾದ ಕಡೆಗಳಲ್ಲೆಲ್ಲ ಹೊಸ ಚಿಗುರು ಎದ್ದವು, ಬೇಲಿಯ ಬಳಿ ಕೆಲವು, ಬಂಡೆಯ ಸಂದಿಯಲ್ಲಿ ಒಂದು. ಆಲ್ಬನ್ ದಿನವೂ ಬಂದು ಅವುಗಳ ಯೋಗಕ್ಷೇಮ ವಿಚಾರಿಸುತ್ತಾನೆ. ಇಯಾಂತಿ ಅವುಗಳ ನಡುವೆ ಸೌದೆ ಹೊತ್ತು ನಡೆಯುವಾಗ, "ಎಲ್ಲಿ ಕಾಲಿಟ್ಟರೂ ಈ ಮನುಷ್ಯ," ಎನ್ನುತ್ತಾಳೆ.

ಅವಳಿಗೆ ಈಗ ಮರವಿಲ್ಲ ಎಂಬುದು ನನ್ನ ತಲೆಯಲ್ಲಿ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ ಉಳಿದದ್ದು ಇನ್ನೊಂದು ಸಂಗತಿ, ಅಂದು ಕಂಡೂ 'ಏಕೆ' ಎಂದು ಕೇಳಿಕೊಳ್ಳದೆ ಬಿಟ್ಟದ್ದು. ಆ ಮೂರು ಕಲ್ಲಿನ ಒಲೆ, ನಾನು ಕಂಡಾಗಿನಿಂದಲೂ, ಮರದ ಕೆಳಬದಿಯಲ್ಲಿತ್ತು. ಅಗೆದ ಶನಿವಾರ ಬೆಳಗ್ಗೆ ನಾವೆಲ್ಲ ಬರುವಷ್ಟರಲ್ಲಿ ಅದು ಮೇಲಿನ ಮೂಲೆಗೆ ಹೋಗಿತ್ತು. ಹಂಡೆ ಅಲ್ಲೇ ಕುಳಿತಿತ್ತು. ಮೇಲ್ಗಡೆ ಅಗೆಯುವಾಗ ಜನ ಅದನ್ನು ಬಳಸಿಕೊಂಡು ಓಡಾಡಬೇಕಾಯಿತು. ಕೆಳಗಡೆ ಅಗೆಯುವಾಗ ಯಾರಿಗೂ ಏನೂ ಅಡ್ಡವಾಗಲಿಲ್ಲ. ಮೇಲ್ಗಡೆಯದು ಬೇಗ ಮುಗಿಯುವ ಕೆಲಸ, ಕೆಳಗಡೆಯದೇ ನಿಜವಾದ ಅಗೆತ ಎಂದು ಮೊದಲೇ ತಿಳಿದವರು ಇಡುವ ಜಾಗ ಅದು.

ಆಗಸ್ಟಿನಲ್ಲಿ ಮೊದಲ ಕಾಯಿ ಬಲಿಯಿತು. ಅವಳೇ ಕೊಕ್ಕೆಕೋಲು ಹಿಡಿದಳು, ಆಲ್ಬನ್ ಕೆಳಗೆ ಗೋಣಿ ಹಿಡಿದು ನಿಂತ. ಕಾಯನ್ನು ಕೆಂಡದ ಮೇಲಿಟ್ಟು ಅವನು ಮನೆಗೆ ಬೆಣ್ಣೆ ತರಲು ಹೋದಾಗ ನಾನು ಕೇಳಿದೆ: "ಇಯಾಂತಿ, ಬೇರು ಕೆಳಕ್ಕೆ ಹೋಗುತ್ತದೆಂದು ನಿನಗೆ ಮೊದಲೇ ಗೊತ್ತಿತ್ತೇ?"

ಅವಳು ಕಾಯನ್ನು ಕೋಲಿನಿಂದ ಒಂದು ಸುತ್ತು ತಿರುಗಿಸಿದಳು.

"ಜ್ಯಾನೆಟ್ ಹೋದ ಮಾರನೇ ದಿನ ನಮ್ಮಮ್ಮ ನನ್ನ ಕೈ ಹಿಡ್ಕೊಂಡು ಹೋಗಿ ತೋರಿಸಿದ್ಲು," ಎಂದಳು. "ನಮ್ಮ ಮರ ಬಿದ್ದಾಗ ಬೇರನ್ನೆಲ್ಲ ಎಳ್ಕೊಂಡೇ ಬಿದ್ದಿತ್ತು. ಗುಂಡಿ ಬರಿದು. ಒಂದು ಎಳೆ ಉಳಿದಿರಲಿಲ್ಲ."

"ಮತ್ತೆ ಇಷ್ಟು ವರ್ಷ?"

"ಅಷ್ಟು ದೊಡ್ಡ ಮರ. ಅವನೊಬ್ಬನೇ ಏನು ಮಾಡ್ತಿದ್ದ ಟೀಚರ್?"

ಕಾಯಿಯ ತೊಟ್ಟಿನಿಂದ ಸಿಳ್ಳೆ ಶುರುವಾಯಿತು. ಒಲೆ ಮತ್ತೆ ಕೆಳಬದಿಯ ತನ್ನ ಹಳೆಯ ಜಾಗಕ್ಕೆ ಬಂದಿತ್ತು. ಕಾಲುದಾರಿಯಿಂದ ಆಲ್ಬನ್‌ನ ದನಿ ಕೇಳಿಸಿತು: "ನನ್ನ ಕಾಯಿ ಸುಡಬೇಡ ಕಣೇ, ಬಂದೆ!"

"ಸುಡದೆ ಹಸೀದು ತಿಂತೀಯಾ?" ಎಂದು ಕೂಗಿ, ಅವಳು ತಟ್ಟೆಗಳಿಗೆ ಕೈ ಹಾಕಿದಳು. ಅವನಿಗೊಂದು, ಅತಿಥಿಗಳಿಗೆ ಎರಡು, ನನಗೊಂದು. ಸ್ವಲ್ಪ ತಡೆದು, ತನಗೂ ಒಂದು ತೆಗೆದಿಟ್ಟಳು.